ಬಳುವಳಿಯಾಗಿ ಬಂದ ಎರಡು ಸ್ಟ್ಯಾಂಡು

ನಮ್ಮ ಮನೆಗೆ ಮೊದಲ ಸಲ ಬರುವವರು ಚಪ್ಪಲಿ ಬಿಡುವಾಗ ಒಂದು ಕ್ಷಣ ತಡೆಯುತ್ತಾರೆ. ಬಾಗಿಲ ಎಡಗಡೆ, ಚಪ್ಪಲಿ ಗೂಡಿನ ಪಕ್ಕದಲ್ಲಿ, ಎರಡು ಕಬ್ಬಿಣದ ಸ್ಟ್ಯಾಂಡುಗಳು ಕೂತಿವೆ. ಮೊಣಕಾಲೆತ್ತರ, ತಲಾ ಮೂರು ಕಾಲು, ನಡುವೆ ಮೇಲೆ ಕೆಳಗೆ ಜಾರಿಸುವ ದಪ್ಪ ಕಂಬ, ಅದು ಕುಸಿಯದಂತೆ ತಡೆಯಲು ಬೆರಳು ಗಾತ್ರದ ಒಂದು ಪಿನ್ನು. ಮೈಗೆ ಮೂರೆಳೆ ವಿಭೂತಿ, ನೆತ್ತಿಗೆ ಕುಂಕುಮ. ಬಂದವರಲ್ಲಿ ಕೆಲವರು ಕೈ ಮುಗಿದದ್ದೂ ಉಂಟು. ಹೋದ ತಿಂಗಳು ಗ್ಯಾಸ್ ಸಿಲಿಂಡರ್ ತಂದವನು, "ಇದ್ಯಾವ್ ದೇವ್ರು ಮೇಡಂ?" ಎಂದು ಕೇಳಿದ. "ಕಾರು ಹೊರೋ ದೇವ್ರು ಕಣಪ್ಪ" ಎಂದೆ. ಅವನು ಸಿಲಿಂಡರನ್ನು ಎಂದಿಗಿಂತ ಮೆಲ್ಲಗೆ ಇಳಿಸಿ ಹೋದ.

ತಮಾಷೆಗೆ ಹೇಳಿದ್ದಲ್ಲ. ನಮ್ಮ ಮನೆಯಲ್ಲಿ ಸಾರಿನ ಖಾರದಿಂದ ಹಿಡಿದು ಟಿವಿಯ ರಿಮೋಟಿನವರೆಗೆ ಎಲ್ಲದಕ್ಕೂ ಚೌಕಾಸಿ ನಡೆಯುತ್ತದೆ. ಒಂದಕ್ಕೆ ಮಾತ್ರ ಇಲ್ಲ. ಈ ಎರಡು ಸ್ಟ್ಯಾಂಡಿನ ಮೇಲೆ ಕೂರದ ಕಾರಿನ ಕೆಳಗೆ ಯಾರೂ ತೂರಕೂಡದು. ಕಟ್ಟಿಕೊಂಡ ಗಂಡನಾಗಲಿ, ಪಕ್ಕದ ಮನೆಯವರಾಗಲಿ, ಎದುರು ಮನೆಯ ನಿವೃತ್ತ ಇಂಜಿನಿಯರ್ ಸಾಹೇಬರಾಗಲಿ, ನನ್ನ ಕಣ್ಣಿಗೆ ಬಿದ್ದರೆ ಬಿಡುವವಳಲ್ಲ. ಬೀದಿಯಲ್ಲಿ ನನಗೆ 'ಜಾಕಿ ಟೀಚರ್' ಎಂದು ಹೆಸರು ಬಿದ್ದಿದೆ. ಇಪ್ಪತ್ತಾರು ವರ್ಷ ತುಮಕೂರಿನ ಮಕ್ಕಳ ಕೈ ಹಿಡಿದು ಅಆಇಈ ತಿದ್ದಿಸಿದ್ದು ಯಾರಿಗೂ ನೆನಪಿಲ್ಲ, ಇದೊಂದು ನಿಂತುಬಿಟ್ಟಿತು. ನಿಲ್ಲಲಿ ಬಿಡಿ, ನನಗೇನು ಬೇಜಾರಿಲ್ಲ.

ಇವು ಮದುವೆಯಲ್ಲಿ ನಮ್ಮಪ್ಪ ನನಗೆ ಕೊಟ್ಟ ಬಳುವಳಿ ಎಂದರೆ ನೀವು ನಗುತ್ತೀರಿ. ನಗಿ, ಈಗ ನಾನೂ ನಗುತ್ತೇನೆ. ಅವತ್ತು ಮಾತ್ರ ಮೂಲೆಯಲ್ಲಿ ಕೂತು ಗೊಳೋ ಎಂದು ಅತ್ತಿದ್ದೆ.

ಗುಬ್ಬಿಯಲ್ಲಿ ಅಪ್ಪನದೊಂದು ಸಣ್ಣ ಗ್ಯಾರೇಜು. ಗ್ಯಾರೇಜೆಂದರೆ ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ವರ್ಷಾನುಗಟ್ಟಲೆ ಆಯಿಲ್ ಕುಡಿದು ಕಪ್ಪಗೆ ಗಟ್ಟಿಯಾದ ನೆಲ. ಆ ನೆಲದ ಮೇಲೆ ಬರಿಗಾಲಲ್ಲಿ ನಡೆದರೆ ಅಂಗಾಲು ತಣ್ಣಗಾಗುತ್ತಿತ್ತು. ಬೇಸಿಗೆ ರಜೆಯಲ್ಲಿ ಊರಿಗೆಲ್ಲ ಮರದ ನೆರಳಾದರೆ ನನಗೆ ಜೀಪಿನ ನೆರಳು. ಅಪ್ಪ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರೆ, ನಾನು ಪಕ್ಕದಲ್ಲೇ ಇನ್ನೊಂದು ಗೋಣಿಚೀಲ ಹಾಸಿ, ಮೇಲೆ ತೂಗುವ ಕಬ್ಬಿಣದ ಕರುಳುಗಳನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ಗ್ರೀಸಿನ ವಾಸನೆಗೆ ನನಗೆ ಇವತ್ತಿಗೂ ಆಕಳಿಕೆ ಬರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಆಕಳಿಸಿ ಗಂಡನಿಂದ ಬೈಸಿಕೊಂಡಿದ್ದೇನೆ.

ಅಮ್ಮನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಹೆಣ್ ಮಗೀನ ಗಾಡಿ ಕೆಳಗೆ ಮಲಗಿಸ್ಕೊಂಡವ್ರಲ್ಲ, ಏನಾರ ಹೆಚ್ಚುಕಮ್ಮಿ ಆದ್ರೆ?" ಎಂದು ಕೂಗಾಡುತ್ತಿದ್ದಳು. ಅಪ್ಪ ಹೊರಗೆ ಬಂದು, ಕೈ ಒರೆಸಿಕೊಂಡು, ಜೀಪಿನ ಪಕ್ಕಕ್ಕೆ ನಿಂತು ಎರಡೂ ಅಂಗೈ ಊರಿ ಜೋರಾಗಿ ತಳ್ಳುತ್ತಿದ್ದರು. ಜೀಪು ಮಿಸುಕುತ್ತಿರಲಿಲ್ಲ. "ನೋಡು, ಅಲ್ಲಾಡ್ತಾ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಪ್ರತಿ ಸಲ ಒಳಗೆ ತೂರುವ ಮುಂಚೆಯೂ ಅವರು ಹಾಗೆ ತಳ್ಳುತ್ತಿದ್ದರು. ಯಾಕಪ್ಪಾ ಎಂದು ಒಮ್ಮೆ ಕೇಳಿದ್ದಕ್ಕೆ, "ಬೀಳೋದಾದ್ರೆ ನಾನ್ ಹೊರಗಿದ್ದಾಗ್ಲೇ ಬಿದ್ಬುಡ್ಲಿ ಅಂತ ಕಣವ್ವ" ಎಂದಿದ್ದರು.

ಅಪ್ಪನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅನ್ನ ಕಲೆಸುವಾಗ ಎಡಗೈ ತಟ್ಟೆ ಹಿಡಿದರೆ ಆ ಎರಡು ಬೆರಳು ನೆಟ್ಟಗೆ ನಿಂತು ಯಾರನ್ನೋ ಕರೆಯುತ್ತಿರುವಂತೆ ಕಾಣುತ್ತಿದ್ದವು. ನಾನು ಹುಟ್ಟುವ ಮೊದಲು ಒಂದು ವ್ಯಾನನ್ನು ಜಾಕಿಯಲ್ಲಿ ಎತ್ತಿ, ಮನೆ ಕಟ್ಟುವ ಸೈಜುಗಲ್ಲಿನ ಮೇಲೆ ಕೂರಿಸಿದ್ದರಂತೆ. ಕಲ್ಲು ನಡುವೆ ಸೀಳಿತು. "ಕಲ್ಲಲ್ವಾ ಅಂತ ನಂಬ್ದೆ" ಎಂಬುದಷ್ಟೇ ಅವರು ಅದರ ಬಗ್ಗೆ ಹೇಳುತ್ತಿದ್ದ ಮಾತು. ಆಮೇಲೆ ಅವರು ಮಾಡಿದ ಮೊದಲ ಕೆಲಸ ಈ ಸ್ಟ್ಯಾಂಡುಗಳನ್ನು ತಂದದ್ದು. ಜಾಕಿ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ ಎಂಬುದನ್ನು ನಾನು ಮಗ್ಗಿಗಿಂತ ಮೊದಲೇ ಕಲಿತವಳು.

ಕುಣಿಗಲ್ಲಿನಿಂದ ನನ್ನನ್ನು ನೋಡಲು ಬಂದ ಗಂಡು ಭೌತಶಾಸ್ತ್ರದ ಲೆಕ್ಚರರ್. ಉಪ್ಪಿಟ್ಟು ತಿನ್ನುವ ಹೊತ್ತಿಗೆ ಕಾಣೆಯಾದರು. ಹುಡುಕಿದರೆ ಗ್ಯಾರೇಜಿನಲ್ಲಿ, ಬಿಳಿ ಪ್ಯಾಂಟಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಒಂದು ಕಾರಿನ ಕೆಳಗೆ ಕತ್ತು ತೂರಿಸಿ ಏನನ್ನೋ ನೋಡುತ್ತಿದ್ದರು. ನಾನು ಏನು ಉಟ್ಟಿದ್ದೆ ಎಂದು ಅವರನ್ನು ಇವತ್ತು ಕೇಳಿದರೂ ಗೊತ್ತಿಲ್ಲ, ಆ ಕಾರಿನ ಯಾವ ಬೋಲ್ಟು ಸಡಿಲವಾಗಿತ್ತು ಎಂಬುದು ಗೊತ್ತು. ಅಪ್ಪ ಅದನ್ನು ನೋಡಿದರು. ಮದುವೆಯಾಗಿ ನನ್ನನ್ನು ಕಳಿಸಿಕೊಡುವ ದಿನ ಬೀರು, ಪಾತ್ರೆ, ಹಾಸಿಗೆಯ ಜೊತೆಗೆ ಈ ಎರಡು ಸ್ಟ್ಯಾಂಡನ್ನೂ ಟೆಂಪೋಗೆ ಏರಿಸಿದರು. "ಇವತ್ತಲ್ಲ ನಾಳೆ ಅಳಿಯಂದ್ರು ಕಾರ್ ತಗೋತಾರೆ. ತಗೊಂಡೋರು ಅದ್ರ ಕೆಳಗೆ ತೂರ್ದೆ ಇರಲ್ಲ. ನೀನ್ ನೋಡ್ಕೊಬೇಕು" ಎಂದರು. ನಮ್ಮ ಬಳಿ ಆಗ ಸೈಕಲ್ಲೂ ಇರಲಿಲ್ಲ.

ಕುಣಿಗಲ್ಲಿನ ಮನೆಯಲ್ಲಿ ಟೆಂಪೋ ಇಳಿಸುವಾಗ ಬೀದಿಯ ಹೆಂಗಸರೆಲ್ಲ ಸೇರಿದ್ದರು. ನಮ್ಮತ್ತೆ ಆ ಕಬ್ಬಿಣವನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರಿಗೂ ಕೇಳುವಂತೆ, "ಗುಬ್ಬಿ ಬೀಗ್ರು ಗುಜರಿ ಕೊಟ್ ಕಳ್ಸವ್ರೆ ಕಣ್ರೇ" ಎಂದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅತ್ತದ್ದು ಆಗಲೇ. ಅತ್ತೆಯ ಮೇಲಿನ ಸಿಟ್ಟಿಗಿಂತ ಅಪ್ಪನ ಮೇಲೆ ಹೆಚ್ಚು ಸಿಟ್ಟು ಬಂದಿತ್ತು. ಒಂದು ಜೊತೆ ಬೆಳ್ಳಿ ದೀಪ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಂಡೆ.

ತುಮಕೂರಿಗೆ ಮನೆ ಮಾಡಿಕೊಂಡು ಬಂದ ಮೇಲೂ ವರ್ಷಾನುಗಟ್ಟಲೆ ಅವುಗಳ ಮೇಲೆ ಹೂವಿನ ಕುಂಡ ಇಟ್ಟಿದ್ದೆ. ಅಪ್ಪ ಬಂದಾಗಲೆಲ್ಲ ಕುಂಡ ಎತ್ತಿ ಕೆಳಗಿಟ್ಟು, ಪಿನ್ನಿಗೆ ಎಣ್ಣೆ ಬಿಟ್ಟು, ಮತ್ತೆ ಕುಂಡ ಇಡುತ್ತಿದ್ದರು. ಕೊನೆಗೂ ನಾವೊಂದು ಹಳೆಯ ಕಾರು ಕೊಂಡೆವು. ಅದನ್ನು ನೋಡಲು ಅಪ್ಪ ಇರಲಿಲ್ಲ.

ಕಾರು ಬಂದ ಮೇಲೆ ನಮ್ಮ ಯಜಮಾನರ ಭಾನುವಾರಗಳು ನೆಲಕ್ಕೆ ಇಳಿದವು. ಕಾಲೇಜಿನಲ್ಲಿ ಭಾರ, ಬಲ, ಗುರುತ್ವ ಎಂದು ಬೋರ್ಡ್ ತುಂಬ ಬರೆಯುವ ಮನುಷ್ಯ, ಮನೆಗೆ ಬಂದರೆ ಆ ಗುರುತ್ವ ಕಾಲೇಜಿನ ಕಾಂಪೌಂಡ್ ದಾಟಿ ಬರುವುದಿಲ್ಲ ಎಂದೇ ನಂಬಿದ್ದರು. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮನ ವಿಡಿಯೋ ಹಾಕಿಕೊಂಡು ಕೆಳಗೆ ತೂರುವುದು. ಮಾತೆತ್ತಿದರೆ "ಎರಡೇ ನಿಮಿಷ ಕಣೆ." ಆದರೂ ನನ್ನ ಕಾಟಕ್ಕೆ ಸ್ಟ್ಯಾಂಡ್ ಇಡುತ್ತಿದ್ದರು. ಪಕ್ಕದ ಮನೆಯ ನಯಾಜ್ ಇದಕ್ಕೆ ನನ್ನ ಪಕ್ಷ. ಇಲ್ಲೇ ತುಮಕೂರಿನ ಸತ್ಯಮಂಗಲದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸ ಮಾಡುವವನು, ನನ್ನನ್ನು ಅಕ್ಕ ಎನ್ನುತ್ತಾನೆ. "ನಮ್ ಶೆಡ್ಡಲ್ಲಿ ಸ್ಟ್ಯಾಂಡ್ ಇಲ್ದೆ ಕೆಳಗೆ ಹೋದ್ರೆ ಅವತ್ತೇ ಮನೇಗ್ ಕಳಿಸ್ತಾರೆ ಸಾರ್. ಮನೇಲೇ ಹಂಗ್ ಮಾಡಿದ್ರೆ ಇನ್ನೆಲ್ಲಿಗ್ ಕಳಿಸ್ತಾರೆ ಹೇಳಿ?" ಎಂದು ನಮ್ಮವರನ್ನು ಕೇಳಿದ್ದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಇಷ್ಟೆಲ್ಲ ಬಲ್ಲ ನಾನೇ ಆಯುಧಪೂಜೆಯ ದಿನ ಎಡವಿದೆ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮತ್ತೆ ಈಗ ನಮ್ಮ ಜೊತೆಗೇ ಇದ್ದಾರೆ, ಹಬ್ಬದ ಯಜಮಾನಿಕೆ ಅವರದು. ಅವತ್ತು ಕಾರು ತೊಳೆದು, ಗೇಟಿನ ಮುಂದಿನ ಇಳಿಜಾರಿನಲ್ಲಿ ಮೂತಿ ಮನೆಯ ಕಡೆಗೆ ಮಾಡಿ ನಿಲ್ಲಿಸಿದ್ದೆವು. ಜಗಲಿಯ ಮೇಲೆ ಮಣೆ ಹಾಕಿ, ಅದರ ಮೇಲೆ ಮನೆಯ ಕತ್ತಿ, ಕುಡುಗೋಲು, ಸುತ್ತಿಗೆ, ಪಾನಾ, ನಮ್ಮ ಕಾರಿನ ಜಾಕಿ, ಅಪ್ಪನ ಎರಡು ಸ್ಟ್ಯಾಂಡು. ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಬೂದುಗುಂಬಳಕಾಯಿ ಒಡೆದು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಹತ್ತಿಸಿ, ದೇವಸ್ಥಾನದವರೆಗೆ ಒಂದು ಸುತ್ತು ಹೋಗಿಬಂದದ್ದಾಯಿತು. ಊಟ ಮುಗಿಸಿ ಎಲ್ಲರೂ ಕುಣಿಗಲ್ಲಿಗೆ, ನಾದಿನಿಯ ಮನೆಗೆ ಹೊರಡುವುದಿತ್ತು. ಅಲ್ಲಿಂದ ಮಾರ್ಕೋನಹಳ್ಳಿ ಡ್ಯಾಮು ನೋಡುವ ಮಾತೂ ಇತ್ತು.

ಸುತ್ತು ಮುಗಿಸಿ ಬರುವಾಗಲೇ ಕಾರಿನ ಹಿಂದೆ ಕರಕರ ಸದ್ದು. ಮತ್ತೆ ಅದೇ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿದರೆ ಸೈಲೆನ್ಸರ್ ಕಳಚಿ ಜೋತು ಬಿದ್ದಿತ್ತು. ನಾನು ಅಡಿಗೆಮನೆಯಲ್ಲಿ ಒಬ್ಬಟ್ಟಿಗೆ ಹೂರಣ ತುಂಬುತ್ತಿದ್ದೆ. ನಮ್ಮವರು ಬಾಗಿಲಲ್ಲಿ ನಿಂತು, "ಸ್ಟ್ಯಾಂಡ್ ತಗೊಳ್ಲೇನೆ? ಒಂದ್ ತಂತಿ ಕಟ್ಬೇಕು" ಎಂದರು. ನಮ್ಮ ಕಡೆ ಪೂಜೆಗಿಟ್ಟ ಆಯುಧವನ್ನು ಮಾರನೆಯ ಬೆಳಗಿನವರೆಗೆ ಎತ್ತುವುದಿಲ್ಲ. ಅವಕ್ಕೂ ಒಂದು ದಿನ ವಿಶ್ರಾಂತಿ. ನಾನು ತಿರುಗಿಯೂ ನೋಡದೆ, "ಅಯ್ಯೋ, ಪೂಜೆಗಿಟ್ಟಿರೋದು, ಮುಟ್ಬೇಡಿ. ಅತ್ತೆ ಸುಮ್ನಿರ್ತಾರಾ?" ಎಂದೆ. ಹೇಳಿದ್ದು ಅಷ್ಟೇ. ಹಾಗಾದರೆ ಕೆಳಗೆ ಹೋಗಬೇಡಿ ಎಂಬ ಇನ್ನೊಂದು ಮಾತು ನನ್ನ ಬಾಯಲ್ಲಿ ಬರಲಿಲ್ಲ. ಕೈಯಲ್ಲಿದ್ದ ಕಣಕ ಹರಿಯುತ್ತಿತ್ತು, ಗಮನವೆಲ್ಲ ಅದರ ಮೇಲಿತ್ತು.

ಮೊದಲ ಒಬ್ಬಟ್ಟನ್ನು ರುಚಿ ನೋಡಲು ಅತ್ತೆಗೆ ಒಯ್ದೆ. ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಅವರು, "ನಯಾಜು ಒಳ್ಳೇವ್ನು ಕಣೆ. ಕೇಳಿದ್ ತಕ್ಷಣ ತನ್ ಕಾರಿನ್ ಜಾಕಿ ತಂದ್ಕೊಟ್ಟ" ಎಂದರು. ತಟ್ಟೆಯನ್ನು ಅವರ ಕೈಗಿಟ್ಟು ಗೇಟಿಗೆ ಓಡಿದೆ.

ಗೇಟಿನ ಆಚೆ ನೋಡಿದರೆ, ಕಾರಿನ ಹಿಂಬದಿ ಒಂದು ಕಡೆ ಎದ್ದಿದೆ. ಕೆಳಗಿನಿಂದ ನಮ್ಮವರ ಎರಡು ಪಾದ, ಹಬ್ಬದ ಬಿಳಿ ಪಂಚೆಯ ಅಂಚು. ವಿಡಿಯೋದವನ ದನಿ ಒಳಗಿನಿಂದ ಬರುತ್ತಿದೆ. ಇಳಿಜಾರಿನ ತುಂಬ ಕಾರು ತೊಳೆದ ನೀರು, ಕುಂಬಳಕಾಯಿಯ ತಿರುಳು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟ ನಾವು ಒಂದು ಚಕ್ರಕ್ಕೂ ಕಲ್ಲು ಕೊಟ್ಟಿರಲಿಲ್ಲ. ಹ್ಯಾಂಡ್ ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು, ಅದರಲ್ಲೊಂದನ್ನು ಇವರು ಗಾಳಿಗೆ ಎತ್ತಿದ್ದರು. ಬೇರೆ ಕಾರಿನ ಜಾಕಿ, ಒಂದು ಗುಲಗಂಜಿಯಷ್ಟು ಓರೆಯಾಗಿ ನಿಂತಿತ್ತು. ಆ ಓರೆ ನನಗೆ ಕಂಡಿತು. ಗುಬ್ಬಿಯ ಗ್ಯಾರೇಜಿನಲ್ಲಿ ಬೆಳೆದವಳಿಗೆ ಅಷ್ಟು ಕಾಣದಿದ್ದರೆ ಇನ್ಯಾರಿಗೆ ಕಾಣಬೇಕು?

"ರೀ, ಅಲ್ಲಾಡ್ದೆ ನಿಧಾನಕ್ಕೆ ಹೊರಗೆ ಬನ್ನಿ" ಎಂದೆ.

"ಎರಡೇ ನಿಮಿಷ ಕಣೆ. ತಂತಿ ಸಿಗ್ಸಿಬಿಟ್ಟಿದೀನಿ."

"ಬನ್ನಿ ಅಂದೆ."

"ಹಬ್ಬದ್ ದಿನಾನೂ ಶುರು ಮಾಡ್ಬೇಡ ಮಾರಾಯ್ತಿ. ಬರ್ತೀನಿ ಇರು."

ಗಂಡನ ಪಾದ ಹಿಡಿಯಬೇಕು ಎಂದು ಮದುವೆಯಲ್ಲಿ ಹಿರಿಯರು ಹೇಳಿದ್ದ ಬುದ್ಧಿಮಾತನ್ನು ನಾನು ಪಾಲಿಸಿದ್ದು ಅದೊಂದೇ ಸಲ. ಎರಡೂ ಪಾದ ಹಿಡಿದು, ಅವರು ಹಾಸಿಕೊಂಡಿದ್ದ ಗೋಣಿಚೀಲದ ಸಮೇತ, ರಸ್ತೆಯ ಕಡೆಗೆ ಎಳೆದೆ. ಒದ್ದೆ ಇಳಿಜಾರು, ಸರ್ರನೆ ಬಂದರು. ಪಂಚೆ ಎಲ್ಲಿ ನಿಂತಿತೋ ಹೇಳಲಾರೆ. ಎದುರು ಮನೆಯ ಇಂಜಿನಿಯರ್ ಸಾಹೇಬರು ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದರು. ನಮ್ಮವರಿಗೆ ಜೀವಕ್ಕಿಂತ ಮಾನದ ಚಿಂತೆ ಹತ್ತಿತು. ಎದ್ದು ನಿಂತು, "ತಲೆ ಗಿಲೆ ಕೆಟ್ಟಿದ್ಯಾ ನಿಂಗೆ? ಏನಾಗಿತ್ತೀಗ? ಬಂಡೆ ಥರ ನಿಂತಿದೆ ಕಾರು!" ಎಂದು ಬೀದಿ ಹಾರಿಹೋಗುವಂತೆ ಕೂಗಿದರು.

ಅಷ್ಟು ಹೊತ್ತಿಗೆ ನಯಾಜ್ ಕಂಕುಳಲ್ಲಿ ಎರಡು ಮರದ ದಿಮ್ಮಿ ಹಿಡಿದು ಓಡಿಬಂದ. "ಏನ್ ಸಾರ್, ದಿಮ್ಮಿ ತರ್ತೀನಿ, ಅಲ್ಲೀಗಂಟ ಕೆಳಗೆ ಹೋಗ್ಬೇಡಿ ಅಂತ ಹೇಳ್ ಹೋಗಿದ್ನಲ್ಲ!" ಎಂದ.

ನಮ್ಮವರ ರೆಟ್ಟೆ ಹಿಡಿದು ಕಾರಿನ ಹಿಂದಿನಿಂದ ದೂರ ನಿಲ್ಲಿಸಿದೆ. ಕಾರಿನ ಪಕ್ಕಕ್ಕೆ ಹೋಗಿ ಹಿಟ್ಟಿನ ಎರಡೂ ಅಂಗೈ ಊರಿ, ಅಪ್ಪ ತಳ್ಳುತ್ತಿದ್ದ ಹಾಗೆ ತಳ್ಳಿದೆ. ಜೋರಾಗಿ ಏನಲ್ಲ, ಬಾಗಿಲು ತೆರೆಯುವಷ್ಟು.

ಜಾಕಿ ಮಗ್ಗುಲಾಯಿತು. ಕಾರು ಒಂದು ಮೊಳ ಹಿಂದಕ್ಕೆ ಜರುಗಿ ಧಡ್ ಎಂದು ಕೆಳಗೆ ಕೂತಿತು. ಚಕ್ರ ನೆಲ ಮುಟ್ಟಿದ್ದೇ ಬ್ರೇಕು ಹಿಡಿದು ನಿಂತಿತು. ಸೈಲೆನ್ಸರ್ ಗಾರೆಗೆ ಒತ್ತಿಕೊಂಡು ಚಪ್ಪಟೆಯಾಗಿತ್ತು. ಅಲ್ಲಿ, ಎರಡು ನಿಮಿಷದ ಕೆಳಗೆ, ಅವರ ಎದೆ ಇತ್ತು.

ಕಾರಿನ ಕೆಳಗೆ ಬಿದ್ದಿದ್ದ ಮೊಬೈಲು ಇನ್ನೂ ಮಾತಾಡುತ್ತಿತ್ತು. "ನೋಡಿದ್ರಲ್ಲ ಸ್ನೇಹಿತರೇ, ಎಷ್ಟ್ ಸುಲಭ! ಮನೇಲೇ ಮಾಡ್ಕೋಬಹುದು" ಎಂದು ಆ ಪುಣ್ಯಾತ್ಮ ನಗುತ್ತಾ ಹೇಳುತ್ತಿದ್ದ.

ನಯಾಜ್ ಬಾಗಿ, ಸೊಟ್ಟಗಾದ ತನ್ನ ಜಾಕಿಯನ್ನೇ ನೋಡುತ್ತಿದ್ದ. "ನನ್ ಜಾಕಿ ಅಕ್ಕಾ. ನಾನೇ ಕೈಯಾರೆ ತಂದ್ಕೊಟ್ಟೆ. ಏನಾರ ಆಗಿದ್ರೆ ಜಗಲೀಲ್ ಕೂತಿರೋ ಅಜ್ಜಿಗೆ ಏನ್ ಮುಖ ತೋರಿಸ್ತಿದ್ದೆ ನಾನು? ಪೊಲೀಸ್ನೋರ್ ಕೇಳೋದ್ ಆಮೇಲೆ, ನನ್ ಮನ್ಸಿಗೆ ಏನ್ ಹೇಳ್ತಿದ್ದೆ?"

"ನಿಂದೇನಪ್ಪ ತಪ್ಪು? ನೀನ್ ಬೇಡ ಅಂದ್ರೂ ಹೋಗಿ ಮಲಗ್ದೋನು ನಾನು" ಎಂದರು ನಮ್ಮವರು.

"ಸ್ಟ್ಯಾಂಡ್ ಮುಟ್ಬೇಡಿ ಅಂದೋಳು ನಾನು" ಎಂದೆ. ಹೇಳುತ್ತಲೇ ಅಳು ಬಂತು. ನೀನ್ ನೋಡ್ಕೊಬೇಕು ಎಂದು ಅಪ್ಪ ಟೆಂಪೋ ಹತ್ತಿಸಿ ಹೇಳಿದ್ದರು. ಗಂಡನ ಜೀವಕ್ಕಿಂತ ಅತ್ತೆಯ ಬೈಗುಳಕ್ಕೆ ಹೆದರಿದ ಹೆಂಗಸು ನಾನು, ಅದೂ ಆ ಅಪ್ಪನ ಮಗಳು. ಇದನ್ನು ನೆನೆದರೆ ಈಗಲೂ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಅವತ್ತು ತಪ್ಪು ನನ್ನದು ನನ್ನದು ಎಂದು ಮೂವರು ಕಿತ್ತಾಡಿದೆವು. ಆ ಮೂವರಲ್ಲಿ ಒಬ್ಬರು ಹತ್ತು ನಿಮಿಷ ಮೊದಲು ಬೇಡ ಎಂದು ಹಠ ಹಿಡಿದಿದ್ದರೆ ಸಾಕಾಗಿತ್ತು.

ಅದಕ್ಕೇ ಈಗಿನ ನನ್ನ ಹಠ. ಬೀದಿಯವರು ಸ್ಟ್ಯಾಂಡ್ ಕೇಳಿಕೊಂಡು ಬರುತ್ತಾರೆ. "ಟೀಚ್ರೇ, ಅರ್ಧ ಗಂಟೆ ಕೊಡಿ ಸಾಕು" ಎನ್ನುತ್ತಾರೆ. ಕೊಡುತ್ತೇನೆ, ಜೊತೆಗೆ ಸ್ಟೂಲು ಹಿಡಿದು ನಾನೂ ಹೋಗುತ್ತೇನೆ. ಕೊಟ್ಟವಳ ಮೇಲೂ ಹೊಣೆ ಇದೆ, ಅವರ ಹೆಂಡತಿ ಮಕ್ಕಳಿಗೆ ನಾನೂ ಉತ್ತರ ಹೇಳಬೇಕಾದವಳು. ಇಳಿಜಾರಾದರೆ ಕಾರನ್ನು ಮಟ್ಟ ಜಾಗಕ್ಕೆ ತರಿಸುತ್ತೇನೆ. ಚಕ್ರಕ್ಕೆ ಕಲ್ಲು ಕೊಡಿಸುತ್ತೇನೆ. ಹಾಲೋ ಬ್ಲಾಕಿನ ಮೇಲೆ ಕಾರು ಕೂರಿಸಲು ಹೊರಟವರಿಗೆ ಅಪ್ಪನ ಎರಡು ಬೆರಳಿನ ಕಥೆ ಹೇಳುತ್ತೇನೆ. ತಳ್ಳಿ ತೋರಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಇಂಜಿನಿಯರ್ ಸಾಹೇಬರು ಒಮ್ಮೆ, "ನನಗೇ ಹೇಳ್ಕೊಡ್ತೀರಾ ಮೇಡಂ?" ಎಂದು ಮುಖ ಊದಿಸಿದರು. "ಹೂಂ ಸಾರ್, ತಳ್ಳಿ" ಎಂದೆ. ತಳ್ಳಿದರು.

ಆ ದಿನಕ್ಕೇ ಮರಳುತ್ತೇನೆ. ನಾವು ಮೂವರೂ ತಪ್ಪು ಹಂಚಿಕೊಳ್ಳುತ್ತಿರುವಾಗ ಅತ್ತೆ ಕುರ್ಚಿಯಿಂದ ಎದ್ದರು. ಮೊಣಕಾಲು ಹಿಡಿದುಕೊಂಡು ಮಣೆಯ ಹತ್ತಿರ ಹೋಗಿ, ಸ್ಟ್ಯಾಂಡುಗಳ ಮೇಲಿದ್ದ ಚೆಂಡುಹೂವಿನ ಹಾರವನ್ನು ತಾವೇ ತೆಗೆದು ಪಕ್ಕಕ್ಕಿಟ್ಟರು.

"ಎತ್ಕೊಳ್ಲಾ ಇವೆರಡ್ನೂ" ಎಂದರು ಮಗನಿಗೆ.

"ಅಮ್ಮಾ, ಪೂಜೆಗಿಟ್ಟಿರೋದು. ನಾಳೆ..."

"ಇಟ್ಟೋಳೂ ನಾನೇ, ಎತ್ತು ಅನ್ನೋಳೂ ನಾನೇ. ಕಬ್ಬಿಣ ಕೂತ್ಕಂಡ್ ಸುಧಾರಿಸ್ಕೊಳ್ಳೋಕೆ ಹೋಗಿ ನೀನ್ ಸಾಯ್ಬೇಕೇನ್ಲಾ?"

ಕಾರನ್ನು ಗೇಟಿನೊಳಗಿನ ಮಟ್ಟ ಜಾಗಕ್ಕೆ ತಂದೆವು. ಚಕ್ರಗಳಿಗೆ ಕಲ್ಲು ಕೊಟ್ಟು, ನಮ್ಮದೇ ಜಾಕಿಯಲ್ಲಿ ಎತ್ತಿ, ಎರಡು ಸ್ಟ್ಯಾಂಡನ್ನೂ ಕೆಳಗಿಟ್ಟು, ಪಿನ್ನು ತೂರಿಸಿ ಇಳಿಸಿದೆವು. ನಮ್ಮವರು ಪಕ್ಕಕ್ಕೆ ನಿಂತು ತಳ್ಳಿದರು. ನಯಾಜ್ ತಳ್ಳಿದ. ಮಿಸುಕಲಿಲ್ಲ. ಗೋಣಿಚೀಲ ಹಾಸುವಷ್ಟರಲ್ಲಿ ಅತ್ತೆ, "ತಡಿ" ಎಂದರು. ಕುಂಕುಮದ ಬಟ್ಟಲು ಹಿಡಿದು ಬಂದು, ನನ್ನ ಭುಜದ ಆಸರೆಯಲ್ಲಿ ನೆಲಕ್ಕೆ ಕೂತು, ಕಾರಿನ ಕೆಳಗೆ ಕೈ ಚಾಚಿ, ಭಾರ ಹೊತ್ತು ನಿಂತಿದ್ದ ಆ ಎರಡಕ್ಕೂ ಹೊಸದಾಗಿ ಕುಂಕುಮ ಇಟ್ಟರು. ಎದ್ದೇಳಲು ಹೋಗಲಿಲ್ಲ. ಕೂತಲ್ಲೇ ನನ್ನ ಕೈ ಹಿಡಿದುಕೊಂಡರು.

"ಗುಬ್ಬಿ ಬೀಗ್ರು ಗುಜರಿ ಕೊಟ್ರು ಅಂದಿದ್ನಲ್ಲ ನಾನು" ಎಂದರು. "ನನ್ ಮಗನ್ನ ಕೊಟ್ಟಿದ್ರು ಕಣೆ ನಿಮ್ಮಪ್ಪ."

ಅಡಿಗೆಮನೆಯಿಂದ ಒಬ್ಬಟ್ಟು ಸೀದ ವಾಸನೆ ಬರುತ್ತಿತ್ತು. ನಾವಿಬ್ಬರೂ ಏಳಲಿಲ್ಲ.